ಹನ್ನೆರಡನೆಯ ಕಿಟಕಿ

ಇನ್ನೊಂದೇ ಒಂದು ಅಮಾವಾಸ್ಯೆ ಕಳೆಯುವ ತನಕ ನಮ್ಮ ಮನೆ ಗಡಿಯಾರದ ಬೀದಿಯಲ್ಲಿ ಸುಮ್ಮನೆ ನಿಂತಿದ್ದರೆ ನನ್ನ ತಂಗಿ ಗೌರಾಂಬನ ಮದುವೆ ಆಗುತ್ತಿತ್ತು. ಅಷ್ಟೇ ಆಗಬೇಕಾಗಿದ್ದದ್ದು. ಬೇರೆಯವರಿಗೆ ಇದೇನು ದೊಡ್ಡ ವಿಷಯವಾ? ಎದುರುಮನೆ ಚೆನ್ನಬಸಮ್ಮನವರ ಮನೆ ಅವರ ಮಾವನ ಕಾಲದಿಂದ ಅಲ್ಲೇ ಕೂತಿದೆ, ಕೂತು ಕೂತು ಜಗಲಿಯ ಕಲ್ಲೇ ಸವೆದಿದೆ. ಮನೆ ಕದಲಿತು ಅನ್ನೋದು ಅವರಿಗೆ ಪಕ್ಕದ ಬೀದಿಯ ಸುದ್ದಿ. ನಮ್ಮದು ಹಾಗಲ್ಲ. ನನ್ನ ಕಾಲದಲ್ಲೇ ಅಲ್ಲಿಯ ತನಕ ಹನ್ನೊಂದು ಸಲ ಎದ್ದು ಹೋಗಿತ್ತು, ಹನ್ನೊಂದು ಸಲವೂ ನನ್ನಿಂದಲೇ.

ನಮ್ಮೂರಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಮನೆ ನಡೆಸುವವರ ಮನಸ್ಸು ಯಾವ ಕಸುಬಿನಲ್ಲಿ ಇರುತ್ತೋ ಮನೆ ಆ ಬೀದಿಗೆ ಹೋಗುತ್ತೆ. ಕೈ ಯಾವುದರಲ್ಲಿದೆ ಅಂತ ಅದು ನೋಡಲ್ಲ, ಮನಸ್ಸನ್ನೇ ನೋಡೋದು. ಹೋಗೋದು ಮಧ್ಯಾಹ್ನ, ಜನ ಉಂಡು ಅಡ್ಡಾದ ಹೊತ್ತಲ್ಲಿ. ಅದಕ್ಕೇ ಆ ಹೊತ್ತಿಗೆ ಯಾರೂ ಮಕ್ಕಳನ್ನು ಬೀದಿಗೆ ಬಿಡಲ್ಲ, ಗಾಡಿ ನಿಲ್ಲಿಸಲ್ಲ. ಎಲ್ಲ ಬೀದಿಯಲ್ಲೂ ಒಂದೆರಡು ಜಾಗ ಖಾಲಿ ಬಿಟ್ಟಿರುತ್ತಾರೆ, ಅಲ್ಲಿ ಕಸ ಸುರಿದರೆ ದಂಡ. ಬೆಳಿಗ್ಗೆ ಎದ್ದು ಹೊಸ್ತಿಲ ಮೇಲೆ ಒಂದು ಬಟ್ಟಲು ನೀರಿಡುವುದು ಪದ್ಧತಿ. ನೀರು ಸಮವಾಗಿದ್ದರೆ ಮನೆ ನೆಮ್ಮದಿಯಾಗಿದೆ ಅಂತ. ಒಂದು ಕಡೆ ವಾಲಿದರೆ ಉಪ್ಪಿನಕಾಯಿ ಜಾಡಿ ಕೆಳಗಿಳಿಸಿ, ದೇವರನ್ನು ಬುಟ್ಟಿಯಲ್ಲಿ ಕೂರಿಸಿ ತಯಾರಾಗಬೇಕು. ಇನ್ನೊಂದು, ಮನೆ ಹೊರಡುವಾಗ ಒಳಗೆ ಯಾರಾದರೂ ಇರಲೇಬೇಕು. ಖಾಲಿ ಮನೆ ಯಾವ ಬೀದಿಯಲ್ಲೂ ನಿಲ್ಲಲ್ಲ, ಊರು ದಾಟಿ ಹೋಗೇಬಿಡುತ್ತೆ.

ಹೆಚ್ಚಿನವರ ಮನೆ ಜೀವಮಾನದಲ್ಲಿ ಒಂದು ಸಲ ಕದಲುತ್ತೆ, ಮಗ ಅಪ್ಪನ ಕಸುಬು ಬಿಟ್ಟಾಗ. ನನಗೇನು ಕಾಯಿಲೆಯೋ ನಾ ಕಾಣೆ. ಒಂದು ಕೆಲಸ ಹಿಡಿದೆ ಅಂದರೆ ಅನ್ನ ನೀರು ಬೇಡ, ಅದೇ ಧ್ಯಾನ. ಕಲಿತು, ಕೈಗೆ ಹತ್ತಿ, ಜನ ಹುಡುಕಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಇನ್ಯಾವುದೋ ಕೆಲಸ ಕಣ್ಣಿಗೆ ಬೀಳುತ್ತೆ. ಆಯ್ತಲ್ಲ, ಬಟ್ಟಲು ವಾಲಿತು. ನೀಲಾಂಬನ ಕಾಲಿಗಲ್ಲ, ಮನೆಗೇ ಚಕ್ರ ಕಟ್ಟಿದೆ ಅಂತ ಊರವರು ನಗುತ್ತಾರೆ. ನಗಲಿ. ಆದರೆ ಪ್ರತಿ ಸಲವೂ ಬೀದಿ ಗುಮಾಸ್ತ ಶ್ರೀಕಂಠಯ್ಯ ಬಂದು ದಪ್ಪ ಪುಸ್ತಕ ತೆಗೆದು ನಮ್ಮ ಪುಟ ಹುಡುಕುತ್ತಾನಲ್ಲ, ಆಗ ನಾನು ಬೇರೆಲ್ಲೋ ನೋಡುತ್ತೇನೆ. ಹೊಡೆದು ಹಾಕಿ ಹೊಡೆದು ಹಾಕಿ ನಮ್ಮ ಪುಟದಲ್ಲಿ ಜಾಗವೇ ಉಳಿದಿಲ್ಲ, ಒಂದು ಚೀಟಿ ಅಂಟಿಸಿದ್ದಾನೆ. ಹೋದ ಸಲ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ, "ಅಸಲಿಗೆ ನೀವು ಏನಮ್ಮ? ನಾನು ಏನಂತ ಬರ್ಕೊಳ್ಳಲಿ?" ಬೈಯುವ ದನಿಯಲ್ಲಿ ಕೇಳಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಅವನು ನಿಜವಾಗಿ ತಿಳಿದುಕೊಳ್ಳಲು ಕೇಳಿದ. ನಲವತ್ತಾರು ವರ್ಷದ ಹೆಂಗಸು, ಕಾಫಿ ತರ್ತೀನಿ ಅಂತ ಒಳಗೆ ಹೋದೆ.

ನನ್ನ ಹುಚ್ಚಿಗೆ ತೆರಿಗೆ ಕಟ್ಟಿದವಳು ಗೌರ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಮೂರು ವರ್ಷವಿದ್ದಾಗ ಜ್ವರ ಬಂದು ಬಲಗಾಲು ಸೊರಗಿಹೋಯಿತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಮೆಟ್ಟಿಲು ಇಳಿಯುವುದು ಕಷ್ಟ. ಅಪ್ಪ ಅಮ್ಮ ಹೋದಮೇಲೆ ನಾವಿಬ್ಬರೇ. ಅವಳ ಪ್ರಪಂಚ ಅಂದರೆ ಬೀದಿ ಕಡೆಯ ಕಿಟಕಿ. ಮಾತು ಅಂದರೆ ಅವಳದು ಮಾತು, ಹೊಸ ಬೀದಿಗೆ ಹೋದ ಎರಡೇ ವಾರದಲ್ಲಿ ಕೂತಲ್ಲೇ ಅರ್ಧ ಬೀದಿಯನ್ನು ನೆಂಟರು ಮಾಡಿಕೊಂಡಿರುತ್ತಾಳೆ. ಯಾರ ಸೊಸೆ ಬಸುರಿ, ಯಾರ ಮನೆ ಸಾರಿಗೆ ಉಪ್ಪು ಹೆಚ್ಚಾಯಿತು, ಎಲ್ಲ ಅವಳಿಗೆ ಗೊತ್ತು. ಅಷ್ಟರಲ್ಲಿ ನನ್ನ ಮನಸ್ಸು ಎಲ್ಲೋ ಹೋಗಿ ಮನೆ ಏಳುತ್ತೆ. ಬರ್ತೀವಿ ಗೌರಮ್ಮ, ಬಂದು ಮಾತಾಡಿಸ್ತೀವಿ ಅಂತ ಅವರೆಲ್ಲ ಹೇಳುತ್ತಾರೆ, ಒಂದೆರಡು ಸಲ ಬರುತ್ತಾರೆ ಕೂಡ. ಆಮೇಲೆ ಯಾರಿಗೆ ಪುರುಸೊತ್ತು? ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದು ಸಲವೂ ನನ್ನನ್ನು ಅಂದವಳಲ್ಲ. ಅಂದುಬಿಟ್ಟಿದ್ದರೆ ನನಗೂ ಹಗುರವಾಗುತ್ತಿತ್ತು.

ಗಡಿಯಾರದ ಬೀದಿಯಲ್ಲಿ ಅವಳಿಗೆ ಸಿಕ್ಕಿದವನು ಗುರುಶಾಂತ, ಚೆನ್ನಬಸಮ್ಮನವರ ಮಗ. ನಲವತ್ತೆರಡಾದರೂ ಮದುವೆಯಾಗಿರಲಿಲ್ಲ. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಓಡಾಡುವ, ಎರಡು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ನನಗೆ ಒಂದು ಸಣ್ಣ ಚಿಮಟ ಕೊಡಲು ಬಂದವನು ಕಿಟಕಿಯ ಹತ್ತಿರ ಗೌರಳ ಬಾಯಿಗೆ ಸಿಕ್ಕಿಬಿದ್ದ. ಮಾರನೆಯ ದಿನ ಚಿಮಟ ವಾಪಸು ಕೇಳಲು ಬಂದ. ಅದರ ಮಾರನೆಯ ದಿನ ಅದನ್ನೇ ಮತ್ತೆ ಕೊಡಲು ಬಂದ. ಒಂದು ವರ್ಷ ಆ ಚಿಮಟ ಬೀದಿ ದಾಟುತ್ತಲೇ ಇತ್ತು. ಕೊನೆಗೆ ಚೆನ್ನಬಸಮ್ಮನವರೇ ಬಂದು ನಮ್ಮ ನಡುಮನೆಯಲ್ಲಿ ಕೂತರು. "ಹುಡುಗಿ ಕಾಲಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರೋದು ನಿಮ್ಮ ಮನೆ ಕಾಲಿನ ಬಗ್ಗೆ," ಅಂದರು. ಅಲೆಯುವ ಮನೆಯಿಂದ ಹೆಣ್ಣು ತಂದರೆ ತಮ್ಮ ಮನೆಗೂ ಆ ಚಾಳಿ ಅಂಟೀತು ಅಂತ ಅವರ ಭಯ. ಮೂರು ಅಮಾವಾಸ್ಯೆ ಕಳೆಯಲಿ, ಅಲ್ಲಿಯ ತನಕ ಮನೆ ಕದಲದಿದ್ದರೆ ತಾಂಬೂಲ ಬದಲಾಯಿಸೋಣ ಅಂದರು. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಗಡಿಯಾರ ನನಗೆ ಆಗ ಅಷ್ಟು ಇಷ್ಟವಾಗಿತ್ತು, ಸತ್ಯವಾಗಿಯೂ.

ಎರಡು ಅಮಾವಾಸ್ಯೆ ಕಳೆಯಿತು. ಮೂರನೆಯದಕ್ಕೆ ಇಪ್ಪತ್ತು ದಿನ ಇರುವಾಗ ಮೃದಂಗದ ಬೀದಿಯ ಜವರಯ್ಯನ ಗೋಡೆ ಗಡಿಯಾರ ರಿಪೇರಿಗೆ ಬಂತು. ಸರಿ ಮಾಡಿದ್ದನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ. ಯಾಕೆ ಹೋದೆನೋ, ನನ್ನ ಕಾಲು ಮುರಿಯ. ಜವರಯ್ಯ ಮೃದಂಗದ ಬಲಗಡೆಗೆ ಕರಣೆ ಹಾಕುತ್ತಿದ್ದ. ಕರಣೆ ಅಂದರೆ ಚರ್ಮದ ನಡುವೆ ಕಪ್ಪಗೆ ದುಂಡಗೆ ಇರುತ್ತಲ್ಲ, ಅದು. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಚೂರು ಚೂರೇ ಹಚ್ಚಿ, ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಿದ್ದ. ಒಂದು ಪದರ ಹಚ್ಚುವುದು, ಉಜ್ಜುವುದು, ಬೆರಳಿನಿಂದ ತಟ್ಟಿ ಕೇಳುವುದು. ಮತ್ತೆ ಒಂದು ಪದರ. ಮೊದಲು ಮಣ್ಣು ತಟ್ಟಿದ ಹಾಗೆ ಮಂಕಾಗಿದ್ದ ಸದ್ದು ಪದರದಿಂದ ಪದರಕ್ಕೆ ಬಾಯಿ ಬಿಡುತ್ತಾ ಹೋಯಿತು. ನಾನು ಗಡಿಯಾರ ಕಂಕುಳಲ್ಲಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಜವರಯ್ಯ ತಿರುಗಿಯೂ ನೋಡದೆ ಆ ಕಲ್ಲನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ ಬಟ್ಟಲಿನ ನೀರು ಒಂದು ಅಕ್ಕಿಕಾಳಿನಷ್ಟು ಪೂರ್ವಕ್ಕೆ ವಾಲಿತ್ತು. ಮೃದಂಗದ ಬೀದಿ ಇರುವುದು ಪೂರ್ವಕ್ಕೆ.

ಅವತ್ತಿನಿಂದ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಜವರಯ್ಯನ ಕಡೆ ತಲೆ ಹಾಕಲಿಲ್ಲ. ಬೀದಿಯವರ ಕೆಟ್ಟ ಗಡಿಯಾರಗಳನ್ನೆಲ್ಲ ಕೇಳಿ ತಂದು ಗೋಡೆ ತುಂಬ ನೇತುಹಾಕಿ, ಬೆಳಿಗ್ಗೆಯಿಂದ ಸಂಜೆ ತನಕ ಅದರೊಳಗೇ ಮುಖ ಇಟ್ಟುಕೊಂಡು ಕೂತೆ. ಗಡಿಯಾರ, ಗಡಿಯಾರ, ಗಡಿಯಾರ ಅಂತ ಮನಸ್ಸಿನಲ್ಲೇ ಜಪ ಮಾಡಿದೆ. ಜಪ ಮಾಡುತ್ತಿರುವಾಗಲೇ ನೋಡಿದರೆ ನನ್ನ ಬೆರಳು ಗಡಿಯಾರದ ಮುಚ್ಚಳದ ಮೇಲೆ ತಟ್ಟುತ್ತಿದೆ, ಕಿವಿ ಅದರ ಸದ್ದು ಕೇಳುತ್ತಿದೆ. ಮನಸ್ಸನ್ನು ಕಟ್ಟಿಹಾಕುವುದಕ್ಕೆ ಹಗ್ಗ ಎಲ್ಲಿಂದ ತರೋಣ? ಮನೆಯನ್ನೇ ಕಟ್ಟಿಹಾಕೋಣ ಅಂದರೆ ಅದೂ ಆಗಲ್ಲ. ಹಿಂದೆ ಕನ್ನಡಕದ ಬೀದಿಯಲ್ಲೊಬ್ಬ ಹುಣಸೇಮರಕ್ಕೆ ಮನೆ ಕಟ್ಟಿದ್ದ, ಜಗಲಿಯೊಂದು ಮರದ ಹತ್ತಿರ ಉಳಿದು ಮಿಕ್ಕ ಮನೆ ಹೋಯಿತು.

ಮೂರನೆಯ ದಿನಕ್ಕೆ ಬಾಗಿಲಿನ ಚಿಲಕ ಕೂರುವುದು ನಿಂತಿತು. ಕಾವಲಿಯ ಮೇಲೆ ದೋಸೆ ಹಿಟ್ಟು ಒಂದೇ ಕಡೆ ಹರಿದು ದೋಸೆಗಳೆಲ್ಲ ಉದ್ದವಾಗತೊಡಗಿದವು. ಗೌರ ಉದ್ದದ ದೋಸೆ ತಿಂದು, ಚಟ್ನಿ ಚೆನ್ನಾಗಿದೆ ಅಂದು ಎದ್ದಳು. ಹೊರಗೆ ಚೆನ್ನಬಸಮ್ಮನವರು ದಿನಾ ಬೆಳಿಗ್ಗೆ ರಂಗೋಲಿ ಹಾಕುವ ನೆವದಲ್ಲಿ ನಮ್ಮ ಹೊಸ್ತಿಲ ಮೇಲೆ ಕಣ್ಣು ಹಾಯಿಸುತ್ತಿದ್ದರು. ನಾನು ಮಾಡಬಾರದ್ದನ್ನು ಮಾಡಿದೆ. ಒಂದು ಹಳೆಯ ಬಟ್ಟೆಯನ್ನು ಮಡಿಸಿ ಬಟ್ಟಲಿನ ಅಡಿಗೆ ಪೂರ್ವದ ಕಡೆಗೆ ಕೊಟ್ಟೆ. ನೀರು ಸಮವಾಯಿತು. ದಿನ ಕಳೆದ ಹಾಗೆ ಎರಡು ಮಡಿಕೆ ನಾಲ್ಕಾಯಿತು, ನಾಲ್ಕು ಎಂಟಾಯಿತು. ಬಟ್ಟಲ ಸುತ್ತ ನಾಲ್ಕು ಹೂವು ಇಟ್ಟು ಬಟ್ಟೆ ಮುಚ್ಚುತ್ತಿದ್ದೆ. ಪಕ್ಕದ ಮನೆಯವರು ಏನು ಭಕ್ತಿ ಬಂತು ನೀಲಕ್ಕಂಗೆ ಅಂತ ಆಡಿಕೊಂಡರು. ಮಧ್ಯಾಹ್ನವಂತೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಒತ್ತಿಕೊಂಡು ಕೂರುತ್ತಿದ್ದೆ, ನನ್ನ ಭಾರಕ್ಕೆ ಮನೆ ನಿಲ್ಲುತ್ತೇನೋ ಎನ್ನುವ ಹಾಗೆ. ಗುರುಶಾಂತ ಕಿಟಕಿಗೆ ಬಂದು ನಗುವ ಸದ್ದು ಕೇಳಿದರೆ ಅಳು ಬರುತ್ತಿತ್ತು.

ಅಮಾವಾಸ್ಯೆಗೆ ಎರಡು ದಿನ ಇತ್ತು. ಬೆಳಿಗ್ಗೆ ಬಟ್ಟಲಿಟ್ಟು, ಬಟ್ಟೆ ಕೊಟ್ಟು, ಹೂವು ಇಟ್ಟು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಗೌರ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಮಡಿಸಿದ ಬಟ್ಟೆ ಅವಳ ತೊಡೆಯ ಮೇಲಿತ್ತು. ಬಟ್ಟಲಿನ ನೀರು ಪೂರ್ವದ ಅಂಚನ್ನು ದಾಟಿ ಹೊಸ್ತಿಲ ಮೇಲೆ ಹರಿದಿತ್ತು. ಎದುರುಗಡೆ ಚೆನ್ನಬಸಮ್ಮನವರು ರಂಗೋಲಿ ಡಬ್ಬಿ ಹಿಡಿದು ನಿಂತು ಅದನ್ನೇ ನೋಡುತ್ತಿದ್ದರು. ಒಂದು ಸಲ ನನ್ನ ಮುಖ ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಗೌರಳ ಮೇಲೆ ಹರಿಹಾಯ್ದೆ. ಎರಡು ದಿನ, ಎರಡೇ ದಿನ ಇತ್ತಲ್ಲೇ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೇ ಅಂತ ಕಿರುಚಿದೆ. ಅವಳು ನಾನು ಸುಸ್ತಾಗುವ ತನಕ ಕಾದಳು.

"ನೀನು ನನಗೋಸ್ಕರ ಇಲ್ಲೇ ಕೂತೆ ಅಂತ ಇಟ್ಕೋ," ಅಂದಳು. "ಮದುವೆ ಆದಮೇಲೆ ದಿನಾ ಆ ಮನೆ ಕಿಟಕಿಯಿಂದ ನಿನ್ನ ಈ ಮುಖ ನೋಡ್ಬೇಕು ನಾನು. ನನ್ನ ಕೈಲಾಗಲ್ಲ ಅಕ್ಕ."

ನನ್ನ ಮುಖಕ್ಕೆ ಏನಾಗಿದೆ ಅಂದೆ. ಹೋಗಿ ಕನ್ನಡಿ ನೋಡ್ಕೋ ಅಂದಳು. ಆಮೇಲೆ ಮೆಲ್ಲಗೆ ತನ್ನ ಲೆಕ್ಕಾಚಾರ ಹೇಳಿದಳು. ನೀರು ಅಂಚು ದಾಟಿತು ಅಂದಮೇಲೆ ಮನೆ ಇವತ್ತು ಮಧ್ಯಾಹ್ನ ಏಳುತ್ತೆ, ಅದನ್ನು ಯಾರೂ ತಡೆಯೋಕಾಗಲ್ಲ. ಏಳುವ ಮೊದಲು ತಾನು ಇಳಿದುಬಿಡುತ್ತಾಳೆ. ಮನೆ ಹೋಗುವಾಗ ಒಳಗೆ ಇಲ್ಲದವರು ತಾವು ನಿಂತ ಬೀದಿಗೆ ಸೇರಿದವರು, ಅದು ಊರಿನ ಕಟ್ಟಳೆ. ಅವಳು ಗಡಿಯಾರದ ಬೀದಿಯವಳಾಗುತ್ತಾಳೆ. ಆದರೆ ತಲೆಯ ಮೇಲೆ ಸೂರಿರಲ್ಲ. ಗುರುಶಾಂತ ಸಂತೆ ಮೈದಾನದ ಗೋಪುರದ ಗಡಿಯಾರ ಬಿಚ್ಚಲು ಹೋಗಿದ್ದ, ಸಂಜೆಗೆ ಮೊದಲು ಬರುವವನಲ್ಲ. ಅಲ್ಲಿಯ ತನಕ ಎಲ್ಲಾ ಇರುವುದು ಆ ಹಾಕಿದ ಬಾಗಿಲ ಹಿಂದಿನ ಹೆಂಗಸಿನ ಕೈಯಲ್ಲಿ.

"ಅವರು ಒಳಗೆ ಕರೀದಿದ್ರೆ?" ಅಂದೆ.

"ನಿಂತಿರ್ತೀನಿ."

"ಆ ಕಾಲಲ್ಲಿ ಎಷ್ಟು ಹೊತ್ತು ನಿಲ್ತೀಯೇ?"

"ನಾನು ಹನ್ನೆರಡು ಕಿಟಕಿ ನೋಡಿದೀನಿ ಅಕ್ಕ. ಇಲ್ಲಿಗೆ ಸಾಕು ಅನ್ನಿಸಿದೆ ನನಗೆ. ನಿನಗೆ ಸಾಕು ಅನ್ನಿಸಿಲ್ಲ. ಅದಕ್ಕೆ ಇಬ್ಬರೂ ಯಾಕೆ ಕೊರಗಬೇಕು?"

ಅವತ್ತು ಇಬ್ಬರೂ ಉಣ್ಣಲಿಲ್ಲ. ಅವಳು ನಾಲ್ಕು ಸೀರೆ ಒಂದು ಗಂಟು ಕಟ್ಟಿಕೊಂಡಳು. ಮೆಟ್ಟಿಲು ಮೂರೇ ಮೂರು, ಅದನ್ನು ಇಳಿಯಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. ಒಂದೊಂದು ಮೆಟ್ಟಿಲಿಗೂ ಕೂತು, ಕೋಲು ಕೆಳಗಿಟ್ಟು, ಕಾಲನ್ನು ಕೈಯಿಂದ ಎತ್ತಿಟ್ಟು ಇಳಿದಳು. ನಾನು ಹೊಸ್ತಿಲ ಒಳಗಿನಿಂದ ಕೈ ಚಾಚಿದರೆ ಬೇಡ ಅಂದಳು. ನಾನು ಇಳಿದರೆ ಮನೆ ಖಾಲಿ. ಇಳಿದರೆ ಏನಂತೆ, ಹಾಳಾಗಿ ಹೋಗಲಿ ಮನೆ ಅಂತ ಒಂದು ಗಳಿಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಸೂರಿಲ್ಲದ ಇಬ್ಬರು ಹೆಂಗಸರು ಬೀದಿಯಲ್ಲಿ ನಿಂತರೆ ಯಾರ ಬಾಗಿಲು ತಾನೇ ತೆಗೆಯುತ್ತೆ? ನಾನು ಹೊಸ್ತಿಲು ಹಿಡಿದುಕೊಂಡು ನಿಂತೆ.

ಮನೆ ಏಳುವಾಗ ಸದ್ದೇನೂ ಇರಲ್ಲ. ತುಂಬಿದ ಕೊಡ ಸೊಂಟಕ್ಕೇರಿಸಿದ ಹೆಂಗಸಿನ ಹಾಗೆ ಒಂದು ಸಲ ತೂಗಿ, ಸರಿಮಾಡಿಕೊಂಡು ಹೊರಡುತ್ತೆ. ನಾನು ಓಡಿ ಗೌರಳ ಕಿಟಕಿಗೆ ಹೋದೆ. ನಾವಿದ್ದ ಜಾಗದಲ್ಲಿ ಬರೀ ಹಸಿಮಣ್ಣು, ಅದರ ಪಕ್ಕದಲ್ಲಿ ಅವಳು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗಂಟು. ಬಿಸಿಲು ನೆತ್ತಿ ಸುಡುತ್ತಿತ್ತು. ಎದುರುಗಡೆ ಬಾಗಿಲು ಮುಚ್ಚಿಯೇ ಇತ್ತು. ಅವಳು ನನ್ನ ಕಡೆ ನೋಡಲಿಲ್ಲ, ಆ ಬಾಗಿಲನ್ನೇ ನೋಡುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಅವಳನ್ನು ಹೊರಗಡೆ, ಒಬ್ಬಳೇ, ನಾನು ನೋಡಿದ್ದು ಅದೇ ಮೊದಲು. ಎಷ್ಟು ಕುಳ್ಳಗೆ ಕಾಣುತ್ತಿದ್ದಳು! ಬಾಗಿಲು ತೆಗಿ ತಾಯಿ, ತೆಗಿ ತಾಯಿ ಅಂತ ನಾನು ಕಂಬಿ ಹಿಡಿದು ಗೊಣಗುತ್ತಿದ್ದೆ. ಮನೆ ಮೂಲೆ ತಿರುಗಿತು.

ಮೃದಂಗದ ಬೀದಿಗೆ ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಜವರಯ್ಯ ಮತ್ತೆ ನಾಲ್ಕು ಜನ ಪದ್ಧತಿಯಂತೆ ತಂಬಿಗೆ ನೀರು ಹಿಡಿದು ಕಾದಿದ್ದರು. ಮನೆ ಕೂತಿತೋ ಇಲ್ಲವೋ, ನಾನು ಹೊಸ್ತಿಲು ಹಾರಿ ಅವರ ನಡುವೆಯೇ ನುಗ್ಗಿ ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ. ದಾರಿಯಲ್ಲಿ ಯಾರು ಯಾರೋ ಕರೆದರು, ಏನಾಯ್ತು ನೀಲಕ್ಕ ಅಂದರು. ಬಿದ್ದುಹೋಗಿರ್ತಾಳೆ, ಬಿಸಿಲಿಗೆ ತಲೆ ತಿರುಗಿ ಬಿದ್ದಿರ್ತಾಳೆ, ಜನ ಸುತ್ತ ನಿಂತು ನೋಡ್ತಿರ್ತಾರೆ ಅನ್ನೋದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅಷ್ಟು ದಿನ ಬಿಡದೆ ಕಾಡಿದ ಮೃದಂಗ ಎಲ್ಲಿ ಹೋಗಿತ್ತೋ.

ಗಡಿಯಾರದ ಬೀದಿಗೆ ತಿರುಗಿದರೆ ಹಸಿಮಣ್ಣಿನ ಪಕ್ಕ ಗೌರ ಇರಲಿಲ್ಲ. ಆಮೇಲೆ ಕಂಡಳು. ಚೆನ್ನಬಸಮ್ಮನವರ ಜಗಲಿಯ ಮೇಲೆ, ಕಾಲು ಚಾಚಿಕೊಂಡು, ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಮೊರದ ಆಚೆ ಚೆನ್ನಬಸಮ್ಮನವರು. ಅರ್ಧ ಗಂಟೆ ಬಿಸಿಲಲ್ಲಿ ನಿಂತಮೇಲೆ ಬಾಗಿಲು ತೆಗೆಯಿತಂತೆ, ನಿಂತು ಮಾಡೋದೇನಿದೆ, ಕೂತು ಕಾಯಾದರೂ ಬಿಡಿಸು ಅಂದರಂತೆ. ಇದು ಗೌರ ಆಮೇಲೆ ಹೇಳಿದ್ದು.

ನಾನು ಜಗಲಿಯ ಕೆಳಗೆ ಏದುಸಿರು ಬಿಡುತ್ತಾ ನಿಂತೆ. ಕ್ಷಮಿಸಿ ಅಂತಲೋ, ನಾನು ಬಟ್ಟಲಿಗೆ ಬಟ್ಟೆ ಕೊಟ್ಟದ್ದು ತಪ್ಪಾಯಿತು ಅಂತಲೋ ಏನೋ ತೊದಲಿದೆ. ಚೆನ್ನಬಸಮ್ಮನವರು ಕಾಯಿಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಮನೆ ಕದಲಬಾರದು ಅಂದಿದ್ದೆ. ಇವಳಿಗೆ ಈಗ ಮನೇನೇ ಇಲ್ಲ. ಇಲ್ಲದ್ದು ಹೇಗೆ ಕದಲುತ್ತೆ?" ಅಂದರು. "ಕಳ್ಳತನ ನೀವು ಮಾಡಿದಿರಿ, ಇವಳು ನನ್ನೆದುರಿಗೇ ಬಟ್ಟಲಡಿಯ ಬಟ್ಟೆ ಎಳೆದು ತೋರಿಸಿದಳು. ಅಮಾವಾಸ್ಯೆ ಕಳೀಲಿ, ತಾಂಬೂಲ ತರ್ತೀವಿ. ಎಲ್ಲಿಗೆ ತರೋದು ಅನ್ನೋದೊಂದೇ ಈಗ ತೊಂದರೆ."

ಮೆಟ್ಟಿಲ ಮೇಲೆ ಪಾದ ಇಟ್ಟೆ. ಬೇರೆ ಬೀದಿಯವರು ಜಗಲಿ ಹತ್ತಿದರೆ, ಎಷ್ಟೇ ಗುರುತಿದ್ದರೂ ಯಾವ ಬೀದಿಯವರು ಅಂತ ಕೇಳಲೇಬೇಕು ನಮ್ಮೂರಲ್ಲಿ. ಬಂದವರು ಉತ್ತರ ಕೊಡುವ ಹಾಗಿಲ್ಲ, ಆ ಮನೆಯಲ್ಲಿ ಅವರ ಕಡೆಯವರು ಯಾರಿದ್ದಾರೋ ಅವರು ಹೇಳಬೇಕು. ಚೆನ್ನಬಸಮ್ಮನವರು ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಕೇಳಿದರು. "ಬಂದವರು ಯಾರು? ಯಾವ ಬೀದಿಯವರು?"

ಮೃದಂಗದ ಬೀದಿಯವಳು ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗೌರ ಕೈಯಲ್ಲಿದ್ದ ಕಾಯಿ ಬಿಟ್ಟು ನೆಟ್ಟಗೆ ಕೂತಳು.

"ನಮ್ಮಕ್ಕ," ಅಂದಳು. "ಮೊದಲು ಅಪ್ಪನ ಬೀದಿಯಲ್ಲಿ ರವಿಕೆ ಹೊಲಿದಳು. ಆಮೇಲೆ ಉಪ್ಪಿನಕಾಯಿ ಬೀದಿ, ಮನೆಯೆಲ್ಲ ಇಂಗಿನ ವಾಸನೆ. ಆಮೇಲೆ ರೇಡಿಯೋ ಬೀದಿ, ಎದುರುಮನೆ ತಾತನ ರೇಡಿಯೋ ಹಾಡಿದಾಗ ತಾತ ಕುಣಿದಿದ್ದ. ಆಮೇಲೆ ಸೂಲಗಿತ್ತಿಯರ ಬೀದಿ, ಹದಿನೇಳು ಮಕ್ಕಳು, ಒಂದೂ ಹೋಗಲಿಲ್ಲ. ಆಮೇಲೆ ಬೋರ್ಡ್ ಬರೆದಳು. ಆಮೇಲೆ ಜೇನು, ನನಗೆ ಮೂರು ಸಲ ಕಚ್ಚಿತ್ತು. ಆಮೇಲೆ ಹಾರ್ಮೋನಿಯಂ. ಆಮೇಲೆ ಪುಸ್ತಕಕ್ಕೆ ರಟ್ಟು ಹಾಕಿದಳು. ಆಮೇಲೆ ಬುಟ್ಟಿ ಹೆಣೆದಳು, ಆ ಬೀದಿಯಲ್ಲಿ ಬರೀ ನಾಲ್ಕು ತಿಂಗಳು. ಆಮೇಲೆ ಮೂಳೆ ಕಟ್ಟಿದಳು. ಆಮೇಲೆ ಕನ್ನಡಕ ಉಜ್ಜಿದಳು. ಆಮೇಲೆ ಇಲ್ಲಿ, ಗಡಿಯಾರ. ಇವತ್ತಿಂದ ಮೃದಂಗ. ಇಷ್ಟೂ ಬೀದಿಯವಳು ನಮ್ಮಕ್ಕ."

ಒಂದೇ ಉಸಿರಿಗೆ, ಒಂದೂ ತಡವರಿಸದೆ ಹೇಳಿದಳು. ಬುಟ್ಟಿ ಹೆಣೆದದ್ದು ನನಗೇ ಮರೆತುಹೋಗಿತ್ತು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳ ಬಾಯಲ್ಲಿ ಕೇಳಿದರೆ ಅದು ಒಬ್ಬಳೇ ಹೆಂಗಸಿನ ಬದುಕಿನ ಹಾಗೆ ಕೇಳಿಸಿತು, ಹೊಡೆದು ಹಾಕಿದ ಪುಟದ ಹಾಗೆ ಕೇಳಿಸಲಿಲ್ಲ. ಚೆನ್ನಬಸಮ್ಮನವರು ಮೊರವನ್ನು ಎಳೆದುಕೊಂಡು ನನಗೆ ಕೂರಲು ಜಾಗ ಬಿಟ್ಟರು.

ನಾನು ಗೌರಳ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. "ಅವಳಿಗೆ ಕೊಡಬೇಡಿ ಅತ್ತೆ," ಅಂದಳು ಗೌರ, "ಕೈಗೆ ಹತ್ತಿಬಿಟ್ಟರೆ ನಾಳೆ ತರಕಾರಿ ಬೀದಿಯಲ್ಲಿರ್ತಾಳೆ." ಚೆನ್ನಬಸಮ್ಮನವರಿಗೂ ನಗು ಬಂತು. ನಾನೂ ನಕ್ಕೆ. ನಗುತ್ತಿರುವಾಗಲೇ ಮೃದಂಗದ ಬೀದಿಯಲ್ಲಿ, ಕಿಟಕಿಯಲ್ಲಿ ಯಾರೂ ಇಲ್ಲದೆ ನಿಂತಿರುವ ನಮ್ಮ ಮನೆ ಕಣ್ಣ ಮುಂದೆ ಬಂತು. ಇನ್ನು ನಾನು ಏನು ಹಿಡಿದೆ, ಏನು ಬಿಟ್ಟೆ ಅಂತ ನೋಡುವವರು ಅಲ್ಲಿ ಯಾರೂ ಇಲ್ಲ. ಹದಿನಾಲ್ಕನೆಯ ಕಸುಬು ಬಂದರೆ ನಾನೇ ಇಷ್ಟು ದೂರ ನಡೆದು ಬಂದು ಇವಳಿಗೆ ಹೇಳಬೇಕು.